ಅನಿಹ್ನವ: ಧರ್ಮಶಿಕ್ಷಣದ ಪುಸ್ತಕವೂ ಯಂತ್ರದ ನೆರವೂ

ಮಾಗಡಿ ತಾಲ್ಲೂಕಿನ ಕಲ್ಯ ಇಂದು ಒಂದು ಸಣ್ಣ ಗ್ರಾಮ. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನು ಐಕ್ಯನಾದ ಸ್ಥಳವೆಂದು ಅದಕ್ಕೆ ಪ್ರಸಿದ್ಧಿಯಿದೆ. ಜೈನ ಸಮಾಜದ ಇತಿಹಾಸದಲ್ಲಿಯೂ ಈ ಊರಿಗೆ ದೊಡ್ಡ ಸ್ಥಾನವುಂಟು. ಕ್ರಿ.ಶ. 1368ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ನಡುವೆ ಹುಟ್ಟಿದ್ದ ವ್ಯಾಜ್ಯವನ್ನು ತೀರ್ಮಾನಿಸಿ ಹೊರಡಿಸಿದ ಶಾಸನ ಶ್ರವಣಬೆಳಗೊಳದಲ್ಲಿರುವಂತೆಯೇ ಕಲ್ಯದಲ್ಲಿಯೂ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹದ ಪಟ್ಟಣಗಳ ಜೈನರು ರಾಜನಲ್ಲಿ ಬಿನ್ನಹ ಮಾಡಿಕೊಂಡರೆಂದು ಶಾಸನ ಹೇಳುತ್ತದೆ. ಈ ಕಲ್ಲೆಹವೇ ಇಂದಿನ ಕಲ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ಶಾಸನವನ್ನು ಧರ್ಮಸಾಮರಸ್ಯದ ದಾಖಲೆಯೆಂದು ಎಲ್ಲರೂ ಕೊಂಡಾಡುತ್ತಾರೆ. ಅದು ಯುಕ್ತವೇ ಆಗಿದೆ. ಆದರೆ ಅದರಲ್ಲಿ ಗಮನಿಸಬೇಕಾದ ಮತ್ತೊಂದು ಗುಣವಿದೆ. ಬಿನ್ನಹ ಮಾಡಿದವರು ಯಾವ ಯಾವ ಊರಿನವರು, ತೀರ್ಪು ಕೊಟ್ಟವರು ಯಾರು, ಯಾರ ಕೈಯನ್ನು ಯಾರ ಕೈಯಲ್ಲಿಟ್ಟು ಒಪ್ಪಿಸಲಾಯಿತು, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಎಷ್ಟು ಹಣ ಸಲ್ಲಬೇಕು, ಅದರಿಂದ ಬೆಳಗೊಳದ ದೇವರಿಗೆ ಎಷ್ಟು ಮಂದಿ ಮೈಗಾವಲಿನವರನ್ನು ನೇಮಿಸಬೇಕು, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬುದು, ಇದನ್ನೆಲ್ಲ ನಡೆಸುವ ಹೊಣೆ ತಿರುಮಲೆಯ ತಾತಯ್ಯನದೆಂಬುದು, ಹೀಗೆ ಪ್ರತಿಯೊಂದು ಕಾರ್ಯಕ್ಕೂ ಒಬ್ಬೊಬ್ಬ ಹೊಣೆಗಾರನ ಹೆಸರಿದೆ. ಬೆಳಗೊಳದ ಶಾಸನದೊಡನೆ ಸೇರಿದ ಬರಹದಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿಯ ಹೆಸರೂ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದ ಸಂಗತಿಯೂ ಬಂದಿವೆ. ಕೆಲಸ ಮಾಡಿದವನು, ಮಾಡಿಸಿದವನು, ಒಪ್ಪಿದವನು ಎಂಬ ಮೂವರನ್ನೂ ಮರೆಮಾಚದೆ ಹೇಳಿದ್ದರಿಂದಲೇ ಆರೂವರೆ ಶತಮಾನಗಳ ಅನಂತರವೂ ಆ ಕಲ್ಲಿನ ಮಾತಿಗೆ ಬೆಲೆಯಿದೆ.

ಇಂದು ಬಸದಿಗಳ ಟ್ರಸ್ಟುಗಳೂ ಪಾಠಶಾಲೆಗಳನ್ನು ನಡೆಸುವ ಮಂಡಳಿಗಳೂ ಮಕ್ಕಳಿಗಾಗಿ ಪುಸ್ತಕ ಸಿದ್ಧಪಡಿಸುವಾಗ ಒಂದು ಹೊಸ ಪ್ರಶ್ನೆಯನ್ನು ಎದುರಿಸುತ್ತಿವೆ. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ವಿಷಯವನ್ನು ಹೇಳಿದರೆ ಅದು ಕೆಲವೇ ಕ್ಷಣಗಳಲ್ಲಿ ಕನ್ನಡದಲ್ಲಿ ಪಾಠ, ಪ್ರಶ್ನೋತ್ತರ, ಕಥಾಸಾರಗಳನ್ನು ಬರೆದುಕೊಡುತ್ತದೆ. ಪಾಠ ಬರೆಯಬಲ್ಲ ಪಂಡಿತರು ವಿರಳವಾಗಿರುವ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ. ಹಾಗೆ ಪಡೆದ ನೆರವನ್ನು ಪುಸ್ತಕದಲ್ಲಿ ಹೇಳಬೇಕೇ, ಹೇಳದಿದ್ದರೆ ದೋಷವೇನು ಎಂಬುದು ಪ್ರಶ್ನೆ. ಯಂತ್ರ ಹೊಸದಾದರೂ ಪ್ರಶ್ನೆ ಹಳೆಯದು. ಜೈನ ಆಚಾರ್ಯರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ.

ಜ್ಞಾನಾಚಾರದ ಎಂಟು ಅಂಗಗಳು

ವಟ್ಟಕೇರಾಚಾರ್ಯರ ಮೂಲಾಚಾರವು ಜ್ಞಾನಾಚಾರವನ್ನು ಎಂಟು ಬಗೆಯಾಗಿ ವಿಂಗಡಿಸಿದೆ: ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ, ತದುಭಯ. ಇವುಗಳಲ್ಲಿ ಐದನೆಯದಾದ ಅನಿಹ್ನವವೆಂದರೆ ತಾನು ಯಾವ ಗುರುವಿನಿಂದ, ಯಾವ ಶಾಸ್ತ್ರದಿಂದ ಕಲಿತನೋ ಅದನ್ನು ಮುಚ್ಚಿಡದಿರುವುದು. ಅಲ್ಪಶ್ರುತನಾದ ಗುರುವಿನ ಬಳಿ ಕಲಿತು, ಹೇಳಿಕೊಳ್ಳಲು ನಾಚಿ, ಪ್ರಸಿದ್ಧನಾದ ಬೇರೊಬ್ಬನ ಹೆಸರನ್ನು ಹೇಳುವುದು ನಿಹ್ನವ. ಕಲಿಸಿದವನು ಚಿಕ್ಕವನೋ ದೊಡ್ಡವನೋ ಎಂಬುದು ಇಲ್ಲಿ ಮುಖ್ಯವಾಗಿಲ್ಲ. ಕಲಿಕೆಯ ಮೂಲವನ್ನು ಮರೆಸಿದ್ದೇ ದೋಷ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಮತ್ತು ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗಲೂ ನಿಹ್ನವ ಬರುತ್ತದೆ. ತಿಳಿದುದನ್ನು ತಿಳಿದಿಲ್ಲವೆಂದು ಬಚ್ಚಿಡುವುದೆಂದು ಅಲ್ಲಿ ಅದರ ಅರ್ಥ. ಮೂಲವನ್ನು ಮರೆಮಾಚುವುದೂ ತಿಳಿವನ್ನು ಮರೆಮಾಚುವುದೂ ಒಂದೇ ಹೆಸರಿನಿಂದ ಕರೆಯಲ್ಪಟ್ಟಿರುವುದು ಅರ್ಥಪೂರ್ಣವಾಗಿದೆ.

ಗೃಹಸ್ಥರ ಅಣುವ್ರತಗಳ ವಿಚಾರದಲ್ಲಿಯೂ ಇದೇ ಎಚ್ಚರವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಅಂದರೆ ತಪ್ಪು ತಿಳಿವನ್ನು ಬೋಧಿಸುವುದು. ಮೂರನೆಯದು ಕೂಟಲೇಖಕ್ರಿಯೆ. ಒಬ್ಬನು ಆಡದ ಮಾತನ್ನು, ಮಾಡದ ಕಾರ್ಯವನ್ನು ಅವನೇ ಆಡಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು; ಕೃತ್ರಿಮ ವಸ್ತುವನ್ನು ನಿಜವಾದುದೆಂದು ಮಾರುವುದು ಅದರ ಸ್ವರೂಪ. ವ್ಯಾಪಾರದಲ್ಲಿ ತೂಕ ಅಳತೆಗಳ ಬಗೆಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಸಮಾಜವು ಅಕ್ಷರದ ವ್ಯಾಪಾರದಲ್ಲಿ ಸಡಿಲವಾಗಿರಲು ಸಾಧ್ಯವಿಲ್ಲ.

ಈ ಮಾತಿಗೆ ಚನ್ನಪಟ್ಟಣದ ಬೊಂಬೆಗಳೇ ಹತ್ತಿರದ ದೃಷ್ಟಾಂತ. ಆಲೆ ಮರದ ತುಂಡನ್ನು ಕಡೆದು, ಅರಗಿನ ಬಣ್ಣವನ್ನು ಕಾವಿನಿಂದ ಹಿಡಿಸಿ ಮಾಡುವ ಆ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಕೈಯಿಂದ ಎಳೆಯುವ ಲೇತಿನ ಜಾಗಕ್ಕೆ ವಿದ್ಯುತ್ತಿನ ಲೇತು ಬಂದಿತೆಂದು ಯಾರೂ ಬೊಂಬೆಯನ್ನು ಖೋಟಾ ಎನ್ನುವುದಿಲ್ಲ. ಎಲ್ಲಿಯೋ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಆಟಿಕೆಯನ್ನು ಚನ್ನಪಟ್ಟಣದ್ದೆಂದು ಮಾರಿದಾಗ ಮಾತ್ರ ಅದು ಪ್ರತಿರೂಪಕ ವ್ಯವಹಾರವಾಗುತ್ತದೆ. ಯಂತ್ರದ ಬಳಕೆಯಲ್ಲಿ ದೋಷವಿಲ್ಲ, ಹೆಸರಿನ ಅಪಲಾಪದಲ್ಲಿ ದೋಷವಿದೆ ಎಂಬುದು ಅಂಗಡಿಬೀದಿಯಲ್ಲಿ ನಿಂತವರಿಗೂ ತಿಳಿಯುವ ವಿಷಯ.

ಗಿರಿನಗರದ ಪರೀಕ್ಷೆ

ಆಗಮದ ಇತಿಹಾಸವನ್ನು ನೋಡಿದರೆ ಅನಿಹ್ನವವು ಉಪದೇಶದಲ್ಲಷ್ಟೇ ಉಳಿಯದೆ ಆಚರಣೆಗೆ ಬಂದುದು ಕಾಣುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವು ಲೋಪವಾಗುವುದೆಂಬ ಚಿಂತೆಯಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡ ವೃತ್ತಾಂತವನ್ನು ಧವಲಾ ಟೀಕೆ ಹೇಳುತ್ತದೆ. ಅವರನ್ನು ಪರೀಕ್ಷಿಸಲು ಗುರುಗಳು ಎರಡು ವಿದ್ಯೆಗಳನ್ನು ಕೊಟ್ಟರು. ಒಂದು ಮಂತ್ರದಲ್ಲಿ ಅಕ್ಷರ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಅಕ್ಷರ ಕಡಿಮೆಯಾಗಿತ್ತು. ಮುನಿಗಳು ಸಾಧನೆ ಮಾಡಿದಾಗ ಇಬ್ಬರು ದೇವಿಯರು ಕಾಣಿಸಿಕೊಂಡರು. ಒಬ್ಬಳ ಹಲ್ಲು ಹೊರಗೆ ಚಾಚಿತ್ತು, ಮತ್ತೊಬ್ಬಳಿಗೆ ಒಂದು ಕಣ್ಣಿರಲಿಲ್ಲ. ದೇವತೆಗಳಿಗೆ ಅಂಗವಿಕಾರವಿರದು; ದೋಷ ಮಂತ್ರದಲ್ಲಿಯೇ ಇರಬೇಕೆಂದು ಅವರು ವಿಚಾರಮಾಡಿ, ಹೆಚ್ಚಾದ ಅಕ್ಷರವನ್ನು ತೆಗೆದು, ಕಡಿಮೆಯಾದುದನ್ನು ಸೇರಿಸಿ, ಮತ್ತೆ ಜಪಿಸಿದರು. ದೇವಿಯರು ಸಹಜ ರೂಪದಲ್ಲಿ ಕಂಡರು. ಅನಂತರ ಅವರು ಗುರುವಿನ ಬಳಿಗೆ ಹೋಗಿ ನಡೆದುದೆಲ್ಲವನ್ನೂ ನಿವೇದಿಸಿದರು. ಆಗ ಧರಸೇನರಿಗೆ ತೃಪ್ತಿಯಾಯಿತು, ಪಾಠ ಆರಂಭವಾಯಿತು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು.

ಈ ಕಥೆಯಲ್ಲಿ ಮೂರು ಪಾಠಗಳಿವೆ. ಗುರುವೇ ಕೊಟ್ಟ ಪಾಠವನ್ನಾದರೂ ಶಿಷ್ಯರು ಕಣ್ಣುಮುಚ್ಚಿ ನಂಬಲಿಲ್ಲ. ವ್ಯಂಜನಶುದ್ಧಿ, ಅರ್ಥಶುದ್ಧಿಗಳನ್ನು ನೋಡಿದರು. ದೋಷ ಕಂಡ ಮೇಲೆ ಅದನ್ನು ತಿದ್ದುವ ವಿದ್ಯೆ ಅವರಲ್ಲಿತ್ತು. ತಿದ್ದಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಗುರುವಿಗೆ ತಿಳಿಸಿದರು. ಬಂದ ಪಾಠವನ್ನು ಪರೀಕ್ಷಿಸುವುದು, ತಿದ್ದುವುದು, ತಿದ್ದಿದ್ದನ್ನು ಹೇಳುವುದು ಎಂಬ ಈ ಕ್ರಮವು ಷಟ್ಖಂಡಾಗಮದ ಹುಟ್ಟಿನೊಡನೆಯೇ ಹುಟ್ಟಿದೆ. ಆ ಗ್ರಂಥದಲ್ಲಿಯೂ ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿದವರು ಪುಷ್ಪದಂತರು, ಮುಂದಿನದನ್ನು ರಚಿಸಿದವರು ಭೂತಬಲಿಗಳು ಎಂಬ ವಿವೇಕವನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ. ಪರಮಾಗಮವೆಂಬ ಗೌರವವಿದ್ದರೂ ಕೈ ಬದಲಾದ ಜಾಗವನ್ನು ಯಾರೂ ಅಳಿಸಲಿಲ್ಲ.

ಕೈ ಬದಲಾದ ಜಾಗ

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಶ್ರಯದಲ್ಲಿ ಬೆಳೆದ ಆಚಾರ್ಯ ಪರಂಪರೆಯಲ್ಲಿ ಇದೇ ನಡೆಯನ್ನು ಮೂರು ತಲೆಮಾರುಗಳುದ್ದಕ್ಕೂ ಕಾಣಬಹುದು. ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಮುಗಿಸಿ, ಕಷಾಯಪ್ರಾಭೃತದ ಮೇಲೆ ಜಯಧವಲಾ ಟೀಕೆಯನ್ನು ಆರಂಭಿಸಿ, 20,000 ಗ್ರಂಥಪ್ರಮಾಣದಷ್ಟು ಬರೆದು ಸ್ವರ್ಗಸ್ಥರಾದರು. ಶಿಷ್ಯರಾದ ಜಿನಸೇನರು ಉಳಿದ 40,000 ಗ್ರಂಥಪ್ರಮಾಣವನ್ನು ಬರೆದು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಅದನ್ನು ಪೂರ್ಣಗೊಳಿಸಿದರು. ಗುರುವಿನದೆಷ್ಟು, ತನ್ನದೆಷ್ಟು ಎಂಬುದು ಇಂದಿಗೂ ತಿಳಿದಿರುವುದು ಜಿನಸೇನರು ಪ್ರಶಸ್ತಿಯಲ್ಲಿ ಅದನ್ನು ಮುಚ್ಚಿಡದಿದ್ದುದರಿಂದ.

ಅದೇ ಜಿನಸೇನರು ಮಹಾಪುರಾಣವನ್ನು ಕೈಗೊಂಡು ಆದಿಪುರಾಣದ 42 ಪರ್ವಗಳನ್ನೂ 43ನೆಯ ಪರ್ವದ ಮೂರು ಶ್ಲೋಕಗಳನ್ನೂ ರಚಿಸುವಷ್ಟರಲ್ಲಿ ದಿವಂಗತರಾದರು. ಅವರ ಶಿಷ್ಯ ಗುಣಭದ್ರರು ಉಳಿದ ಪರ್ವಗಳನ್ನೂ ಉತ್ತರಪುರಾಣವನ್ನೂ ಬರೆದರು. ಮೂರನೆಯ ಶ್ಲೋಕದ ಮುಂದೆ ಗುರುವಿನ ಕೈ ನಿಂತಿತು, ಅಲ್ಲಿಂದ ಶಿಷ್ಯನ ಕೈ ಎಂಬಷ್ಟು ನಿಖರವಾಗಿ ಈ ಸಂಗತಿ ತಿಳಿದಿದೆ. ಗುಣಭದ್ರರು ಗುರುವಿನ ಹೆಸರಿನಲ್ಲಿಯೇ ಎಲ್ಲವನ್ನೂ ಹೊರಡಿಸಿದ್ದರೆ ಗ್ರಂಥಕ್ಕೆ ಹೆಚ್ಚಿನ ಗೌರವ ಬರುತ್ತಿತ್ತೆಂದು ಲೌಕಿಕರು ಎಣಿಸಬಹುದು. ಅವರು ಹಾಗೆ ಮಾಡಲಿಲ್ಲ. ಗುರುವಿನ ಮುಂದೆ ತಮ್ಮ ಶಕ್ತಿ ಅಲ್ಪವೆಂದೇ ವಿನಯದಿಂದ ಹೇಳಿಕೊಂಡರು. ಅವರ ಶಿಷ್ಯ ಲೋಕಸೇನರೂ ಉತ್ತರಪುರಾಣದ ಪ್ರಶಸ್ತಿಯಲ್ಲಿ ಬಂಕಾಪುರವನ್ನೂ ಶಕ 820ರ ಕಾಲವನ್ನೂ ದಾಖಲಿಸಿದರು. ಹೀಗೆ ಹೇಳಿದ್ದರಿಂದ ಮಹಾಪುರಾಣದ ಮಾನ್ಯತೆ ಒಂದಿಷ್ಟೂ ಕುಗ್ಗಲಿಲ್ಲವೆಂಬುದಕ್ಕೆ ಹನ್ನೊಂದು ಶತಮಾನಗಳ ಸ್ವಾಧ್ಯಾಯವೇ ಸಾಕ್ಷಿ.

ಕೃತ, ಕಾರಿತ, ಅನುಮತ

ಜೈನ ನೀತಿಶಾಸ್ತ್ರವು ಯಾವುದೇ ಕ್ರಿಯೆಯ ಹೊಣೆಯನ್ನು ಮೂರು ನೆಲೆಗಳಲ್ಲಿ ನೋಡುತ್ತದೆ: ತಾನೇ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಒಪ್ಪಿದ್ದು ಅನುಮತ. ಹಿಂಸೆಯ ವಿಚಾರದಲ್ಲಿ ಈ ವಿಂಗಡಣೆ ಎಲ್ಲ ಶ್ರಾವಕರಿಗೂ ಪರಿಚಿತ. ಗ್ರಂಥರಚನೆಗೂ ಅದು ಅನ್ವಯಿಸುತ್ತದೆಂಬುದಕ್ಕೆ ಕನ್ನಡದ ಮೊದಲ ಉಪಲಬ್ಧ ಗ್ರಂಥವೇ ನಿದರ್ಶನವಾಗಿದೆ. ಕವಿರಾಜಮಾರ್ಗದಲ್ಲಿ ಅದು ನೃಪತುಂಗದೇವನಿಗೆ ಅನುಮತವಾದುದೆಂಬ ಮಾತು ಬರುತ್ತದೆ. ಶ್ರೀವಿಜಯನ ಹೆಸರೂ ಬರುತ್ತದೆ. 1898ರಲ್ಲಿ ಕೆ.ಬಿ. ಪಾಠಕರು ಗ್ರಂಥವನ್ನು ಪ್ರಕಟಿಸಿದಾಗ ಅದನ್ನು ಚಕ್ರವರ್ತಿಯ ಕೃತಿಯೆಂದೇ ಭಾವಿಸಿದರು. ಮುಂದೆ ವಿದ್ವಾಂಸರು ಅನುಮತವೆಂಬ ಪದದ ಅರ್ಥವನ್ನು ಹಿಡಿದು ಚರ್ಚಿಸಿ, ಒಪ್ಪಿದವನು ನೃಪತುಂಗ, ಬರೆದವನು ಶ್ರೀವಿಜಯ ಎಂಬ ನಿರ್ಣಯದ ಕಡೆಗೆ ಬಂದರು. ಅರಸನ ಕೀರ್ತಿಗೆ ಇದರಿಂದ ಕುಂದಾಗಲಿಲ್ಲ. ಗ್ರಂಥವು ಒಪ್ಪಿದವನನ್ನು ಒಪ್ಪಿದವನೆಂದೇ ಕರೆದಿದ್ದರಿಂದ ಸಾವಿರ ವರ್ಷಗಳ ಅನಂತರ ಸತ್ಯವನ್ನು ಹುಡುಕಲು ಒಂದು ಹಾದಿ ಉಳಿಯಿತು.

ಕಾರಿತಕ್ಕೆ ಅತ್ತಿಮಬ್ಬೆಯ ಚರಿತ್ರೆಗಿಂತ ಉಜ್ಜ್ವಲವಾದ ಉದಾಹರಣೆ ಬೇಡ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದ ಆ ದಾನಚಿಂತಾಮಣಿಯನ್ನು ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ಕೊಂಡಾಡಿದ್ದಾನೆ. ಆ ಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಅವಳ ತಂದೆ ಮಲ್ಲಪ ಮತ್ತು ಆತನ ತಮ್ಮ ಪುನ್ನಮಯ್ಯ. ಕೃತಿ ಪೊನ್ನನದು, ರಚನೆಗೆ ಪ್ರೇರಣೆ ಸೋದರರದು, ಪ್ರತಿ ಮಾಡಿದ ಶ್ರಮ ಲಿಪಿಕಾರರದು, ಹರಡಿದ ಪುಣ್ಯ ಅತ್ತಿಮಬ್ಬೆಯದು. ಶಾಸ್ತ್ರದಾನದ ಕೀರ್ತಿಗೆ ಕರ್ತೃತ್ವದ ಕೀರ್ತಿಯನ್ನು ಎರವಲು ತರಬೇಕಾಗಿರಲಿಲ್ಲ. ಇಂದಿನ ಟ್ರಸ್ಟುಗಳು ಮಾಡುತ್ತಿರುವುದೂ ಇದೇ ದಾನ. ಆದ್ದರಿಂದ ಅವು ಪಾಲಿಸಬೇಕಾದ ಮರ್ಯಾದೆಯೂ ಇದೇ.

ಮೂಡಬಿದಿರೆಯ ಒಂದು ಪದ

ಪ್ರತಿಯಿಂದ ಪ್ರತಿಗೆ ಹೋಗುವಾಗ ಏನು ತಪ್ಪಬಹುದು, ತಪ್ಪಿದಾಗ ಸಜ್ಜನರು ಹೇಗೆ ನಡೆಯಬೇಕು ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಒಂದು ಘಟನೆ ಸ್ಮರಣೀಯ. ಧವಲಾ ಗ್ರಂಥದ ಓಲೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿದ್ದವು. ಅಲ್ಲಿಂದ ಅಧಿಕೃತ ಅನುಮತಿಯಿಲ್ಲದೆ ಹೊರಬಂದ ಒಂದು ಪ್ರತಿಯಿಂದ ಮತ್ತೊಂದು, ಅದರಿಂದ ಇನ್ನೊಂದು ಎಂಬಂತೆ ಉತ್ತರ ಭಾರತದಲ್ಲಿ ಪ್ರತಿಗಳು ಹುಟ್ಟಿದವು. ಡಾ. ಹೀರಾಲಾಲ್ ಜೈನ್ ಮತ್ತು ಅವರ ಸಹಕಾರಿಗಳು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸುವಾಗ ಅವರ ಕೈಯಲ್ಲಿದ್ದುವು ಇಂಥ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿರಲಿಲ್ಲ. ಟೀಕೆಯ ಅರ್ಥವನ್ನು ನೋಡಿದರೆ ಪದ ಇರಲೇಬೇಕೆಂದು ಸಂಪಾದಕರಿಗೆ ತೋರಿತು. ಆದರೂ ಅವರು ಅದನ್ನು ಸೂತ್ರದೊಳಗೆ ಸದ್ದಿಲ್ಲದೆ ಸೇರಿಸಲಿಲ್ಲ. ಪದವು ಇಲ್ಲಿ ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಬರೆದರು.

ಒಂದು ಪದದ ಮೇಲೆ ಸಿದ್ಧಾಂತದ ದೊಡ್ಡ ಪ್ರಶ್ನೆ ನಿಂತಿದ್ದುದರಿಂದ ಪಂಡಿತರಲ್ಲಿ ತೀವ್ರವಾದ ವಾದವೆದ್ದಿತು. ಕೊನೆಗೆ ಮೂಡಬಿದಿರೆಯ ಓಲೆಗರಿಗಳೊಡನೆ ಹೋಲಿಸಿ ನೋಡಿದಾಗ ಆ ಪದ ಅಲ್ಲಿ ಕಂಡುಬಂದಿತು. ಸಂಪಾದಕರ ಊಹೆ ಸರಿಯಾಗಿತ್ತು. ಆದರೆ ಅವರ ನಡೆ ಊಹೆ ತಪ್ಪಾಗಿದ್ದರೂ ಸರಿಯೇ ಆಗಿರುತ್ತಿತ್ತು. ಏಕೆಂದರೆ ಮೂಲ ಪ್ರತಿ ಯಾವುದು, ತಮ್ಮ ಅನುಮಾನ ಯಾವುದು ಎಂಬ ಗೆರೆಯನ್ನು ಅವರು ಓದುಗನ ಕಣ್ಣಮುಂದೆಯೇ ಎಳೆದಿದ್ದರು. ಪ್ರತಿಯು ಹೊರಬಂದ ಬಗೆಯಲ್ಲಿ ಮರೆಯಿದ್ದುದರಿಂದ ಪರೀಕ್ಷೆಗೆ ವರ್ಷಗಳೇ ಹಿಡಿದವು. ಸಂಪಾದನೆಯಲ್ಲಿ ಮರೆಯಿರಲಿಲ್ಲವಾದ್ದರಿಂದ ಪರೀಕ್ಷೆ ಸಾಧ್ಯವಾಯಿತು.

ಯಂತ್ರ ಪಾಠವನ್ನು ಬರೆದಾಗ

ಈ ಹಿನ್ನೆಲೆಯಲ್ಲಿ ಇಂದಿನ ಸ್ಥಿತಿಯನ್ನು ನೋಡಬೇಕು. ಶಿಕ್ಷಣದಲ್ಲಿ ಯಂತ್ರಬುದ್ಧಿಯ ಬಳಕೆ ಕನ್ನಡನಾಡಿಗೆ ದೂರದ ಸುದ್ದಿಯಲ್ಲ. ಕನಕಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಹಿಂದಿನಿಂದಲೂ ಕೆಲಸ ಮಾಡಿದ ಶಿಕ್ಷಣ ಫೌಂಡೇಶನ್ ಎಂಬ ಸಂಸ್ಥೆ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದೊಡನೆ ಕೂಡಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ರೂಪಿಸಿತು. 2023ರಲ್ಲಿ ಬೆಂಗಳೂರು ಮತ್ತು ಸುತ್ತಲಿನ ಶಾಲೆಗಳ ಸುಮಾರು 30 ಶಿಕ್ಷಕರು ಅದನ್ನು ಪ್ರಯೋಗಿಸಿದರು. ರಾಜ್ಯದ ಪಠ್ಯಕ್ರಮಕ್ಕೆ ಹೊಂದುವ ಪಾಠಯೋಜನೆಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸಿದ್ಧಪಡಿಸಿಕೊಡುವುದು ಅದರ ಕೆಲಸ. 2025ರಲ್ಲಿ ಪ್ರಕಟವಾದ ಅಧ್ಯಯನವು 1,043 ಶಿಕ್ಷಕರನ್ನೂ, ಯಂತ್ರದ ಬರಹವನ್ನು ಪರಿಶೀಲಿಸಿ ಹದಗೊಳಿಸುವ 23 ಮಂದಿಯನ್ನೂ ಒಳಗೊಂಡಿತ್ತು. ಪಾಠಯೋಜನೆಗೆ ಹಿಡಿಯುವ ಹೊತ್ತು ಉಳಿಯಿತೆಂದೂ, ಶಿಕ್ಷಕರ ಒತ್ತಡ ಇಳಿಯಿತೆಂದೂ, ಆದರೆ ಶಿಕ್ಷಕರ ಕೊರತೆ ಮತ್ತು ಕಚೇರಿ ಕೆಲಸದ ಹೊರೆ ಹಾಗೆಯೇ ಉಳಿದಿರುವುದರಿಂದ ಬದಲಾವಣೆಗೆ ಮಿತಿಯಿದೆಯೆಂದೂ ಅದು ತಿಳಿಸಿದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಯಂತ್ರದ ಕೈ ಎಲ್ಲಿದೆ, ತಿದ್ದುವ ಮನುಷ್ಯನ ಕೈ ಎಲ್ಲಿದೆ ಎಂಬುದು ಆ ವ್ಯವಸ್ಥೆಯಲ್ಲಿ ಎಲ್ಲರಿಗೂ ತಿಳಿದ ವಿಷಯ. ಶಿಕ್ಷಕನು ತನ್ನ ಮುಂದಿರುವುದು ಯಂತ್ರದ ಕರಡೆಂದು ಬಲ್ಲ. ಆದ್ದರಿಂದ ಅದನ್ನು ತಿದ್ದಲು ಹಿಂಜರಿಯುವುದಿಲ್ಲ.

ಜಗತ್ತಿನ ಬೇರೆಡೆಗಳಲ್ಲಿಯೂ ವಿಚಾರ ಇದೇ ದಿಕ್ಕಿನಲ್ಲಿ ಸಾಗಿದೆ. ವಿದ್ವತ್ ಪತ್ರಿಕೆಗಳ ನೀತಿಯನ್ನು ನೋಡಿಕೊಳ್ಳುವ ‘ಕೋಪ್’ ಸಮಿತಿ, ಯಂತ್ರವು ಬರಹದ ಹೊಣೆ ಹೊರಲಾರದಾದ್ದರಿಂದ ಅದು ಲೇಖಕನಾಗಲಾರದು, ಅದರ ಬಳಕೆಯನ್ನು ಲೇಖಕರು ಪ್ರಕಟಪಡಿಸಬೇಕು ಎಂದು 2023ರಲ್ಲಿ ಹೇಳಿತು. ಅದೇ ವರ್ಷ ಯುನೆಸ್ಕೋ ಶಿಕ್ಷಣದಲ್ಲಿ ಇಂಥ ಯಂತ್ರಗಳ ಬಳಕೆಗೆ ಮಾರ್ಗದರ್ಶಿಯನ್ನು ಹೊರತಂದಿತು. ಯುರೋಪಿನ ಒಕ್ಕೂಟದ 2024ರ ಕಾಯ್ದೆ, ಸಾರ್ವಜನಿಕ ಹಿತದ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಕೊಡಲೆಂದು ಪ್ರಕಟಿಸುವ ಬರಹ ಯಂತ್ರದ್ದಾದರೆ ಅದನ್ನು ಹೇಳಬೇಕೆಂದು ವಿಧಿಸುತ್ತದೆ. ಮನುಷ್ಯನು ಪರಿಶೀಲಿಸಿ ಸಂಪಾದಕೀಯ ಹೊಣೆಯನ್ನು ಹೊತ್ತಿದ್ದರೆ ವಿನಾಯಿತಿ ಕೊಡುತ್ತದೆ. ಕಾನೂನು ಕೊಡುವ ಈ ವಿನಾಯಿತಿಯನ್ನು ಧರ್ಮಶಿಕ್ಷಣದ ಪುಸ್ತಕ ಬಳಸಿಕೊಳ್ಳಬೇಕೇ ಎಂಬುದು ವಿಚಾರಾರ್ಹ. ಅನಿಹ್ನವದ ವಿಧಿಯಲ್ಲಿ ಅಂಥ ವಿನಾಯಿತಿ ಕಾಣುವುದಿಲ್ಲ.

ಗುರುವಿನ ಹೆಸರು ಹೇಳಲಾರದ ಶಿಷ್ಯ

ಯಂತ್ರದ ಬರಹಕ್ಕೂ ಹಿಂದಿನ ಲಿಪಿಕಾರನ ಬರಹಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಲಿಪಿಕಾರನ ಮುಂದೆ ಒಂದು ಮಾತೃಕೆಯಿತ್ತು; ತಪ್ಪಿದರೆ ಅದರೊಡನೆ ಹೋಲಿಸಬಹುದಾಗಿತ್ತು. ಯಂತ್ರವಾದರೋ ಲೆಕ್ಕವಿಲ್ಲದಷ್ಟು ಬರಹಗಳಿಂದ ಮಾತಿನ ಜೋಡಣೆಯನ್ನು ಕಲಿತು, ಒಂದು ಪದದ ಮುಂದೆ ಯಾವುದು ಬಂದೀತೆಂಬ ಸಂಭವವನ್ನು ಹಿಡಿದು ವಾಕ್ಯವನ್ನು ಕಟ್ಟುತ್ತದೆ. ಒಂದು ನಿರ್ದಿಷ್ಟ ವಾಕ್ಯವನ್ನು ಯಾವ ಗ್ರಂಥದಿಂದ ಕಲಿತೆಯೆಂದು ಕೇಳಿದರೆ ಅದು ನಂಬಲರ್ಹವಾದ ಉತ್ತರವನ್ನು ಕೊಡಲಾರದು. ಕೆಲವೊಮ್ಮೆ ಇಲ್ಲದ ಗ್ರಂಥದ ಹೆಸರನ್ನು ಹೇಳುವುದೂ ಉಂಟು. ಗುರುವಿನ ಹೆಸರು ಹೇಳಲಾರದ ಶಿಷ್ಯ ಅದು. ಅದರಲ್ಲಿ ವಂಚನೆಯ ಭಾವವಿಲ್ಲ, ಆದ್ದರಿಂದ ಅದಕ್ಕೆ ನಿಹ್ನವದ ಪಾಪವನ್ನು ಹಚ್ಚುವಂತಿಲ್ಲ. ಆದರೆ ಅದರ ಬರಹವನ್ನು ಎತ್ತಿಕೊಂಡು ತನ್ನ ಹೆಸರಿನಲ್ಲಿ ಅಚ್ಚುಹಾಕಿಸುವವನಿಗೆ ಭಾವವೂ ಇದೆ, ಬಂಧವೂ ಇದೆ. ವ್ರತವು ಯಂತ್ರದ್ದಲ್ಲ, ಶ್ರಾವಕನದು.

ಇದರ ಪರಿಣಾಮ ಪಾಠಶಾಲೆಯ ಪುಸ್ತಕದಲ್ಲಿ ಹೇಗೆ ತೋರುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಭಗವಾನ್ ಮಹಾವೀರರ ಜನನಕ್ಕೆ ಮುನ್ನ ತಾಯಿ ಕಂಡ ಸ್ವಪ್ನಗಳು ದಿಗಂಬರ ಸಂಪ್ರದಾಯದಂತೆ 16, ಶ್ವೇತಾಂಬರ ಸಂಪ್ರದಾಯದಂತೆ 14. ತತ್ತ್ವಾರ್ಥಸೂತ್ರದ ಸೂತ್ರಗಳು ದಿಗಂಬರ ಪಾಠದಲ್ಲಿ 357, ಶ್ವೇತಾಂಬರ ಪಾಠದಲ್ಲಿ 344. ಮಹಾವೀರರು ಬಾಲಬ್ರಹ್ಮಚಾರಿಗಳೆಂದು ಒಂದು ಸಂಪ್ರದಾಯ ಹೇಳಿದರೆ, ಅವರಿಗೆ ಯಶೋದೆಯೊಡನೆ ವಿವಾಹವಾಗಿತ್ತೆಂದು ಮತ್ತೊಂದು ಹೇಳುತ್ತದೆ. ಹತ್ತೊಂಬತ್ತನೆಯ ತೀರ್ಥಂಕರರಾದ ಮಲ್ಲಿಯವರ ವಿಷಯದಲ್ಲಿಯೂ ಭೇದವಿದೆ. ಎರಡೂ ಪರಂಪರೆಗಳು ತಮ್ಮ ತಮ್ಮ ಆಗಮಗಳ ಆಧಾರದಿಂದ ಮಾತಾಡುತ್ತವೆ. ಅನೇಕಾಂತವನ್ನು ಬಲ್ಲವರಿಗೆ ಇದರಲ್ಲಿ ಜಗಳವಿಲ್ಲ. ಆದರೆ ಎರಡನ್ನೂ ಓದಿ, ಯಾವುದನ್ನು ಎಲ್ಲಿ ಓದಿತೆಂಬುದನ್ನು ಮರೆತ ಯಂತ್ರವು ಒಂದೇ ಪಾಠದಲ್ಲಿ 16 ಸ್ವಪ್ನಗಳನ್ನೂ ವಿವಾಹವನ್ನೂ ಕೂಡಿಸಿ ಬರೆಯಬಹುದು. ಆಗ ಅದು ಯಾವ ಸಂಪ್ರದಾಯದ ಪಾಠವೂ ಆಗದು. ಮಗು ಅದನ್ನು ಕಂಠಪಾಠ ಮಾಡುತ್ತದೆ; ಮನೆಯಲ್ಲಿ ಅಜ್ಜಿ ಹೇಳಿದ್ದು ಬೇರೆಯಾಗಿರುತ್ತದೆ; ಪುಸ್ತಕದ ಮೇಲೆ ಬಸದಿಯ ಟ್ರಸ್ಟಿನ ಹೆಸರಿರುವುದರಿಂದ ಅಜ್ಜಿಯ ಮಾತೇ ತಪ್ಪೆಂದು ಮಗು ತಿಳಿಯುತ್ತದೆ. ಓಲೆಗರಿಗಳ ಕಾಲದಿಂದ ಬಾಯಿಂದ ಬಾಯಿಗೆ ಬಂದ ಸರಪಳಿಯ ಒಂದು ಕೊಂಡಿ ಅಲ್ಲಿ ಸಡಿಲವಾಗುತ್ತದೆ. ಪುಸ್ತಕ ಯಾರದೆಂದು ಮೊದಲೇ ಹೇಳಿದ್ದರೆ ಅಜ್ಜಿಗೆ ಪ್ರಶ್ನಿಸುವ ಧೈರ್ಯವಿರುತ್ತಿತ್ತು.

ಸ್ಥಳೀಯ ಇತಿಹಾಸದಲ್ಲಿಯೂ ಇದೇ ಅಪಾಯವುಂಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಹಳೆಯ ಬರಹವನ್ನು ಓದಿ ಕಲಿತ ಯಂತ್ರವು ಕಲ್ಯದ ಶಾಸನವನ್ನು ಮೂರು ಜಿಲ್ಲೆಗಳಲ್ಲಿ ಯಾವುದರಲ್ಲಿಯಾದರೂ ಇಡಬಹುದು, ಅಥವಾ ಬೆಳಗೊಳದ ಶಾಸನದೊಡನೆ ಕಲಸಿ ಕಲ್ಯದ ಹೆಸರನ್ನೇ ಬಿಟ್ಟುಬಿಡಬಹುದು. ಧರಸೇನರ ಪರೀಕ್ಷೆಯ ದೇವಿಯರು ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ಇಲ್ಲದ್ದನ್ನು ಸೇರಿಸಿದ ಪಾಠಕ್ಕೆ ಹಲ್ಲು ಚಾಚಿರುತ್ತದೆ. ಇದ್ದುದನ್ನು ಬಿಟ್ಟ ಪಾಠಕ್ಕೆ ಒಂದು ಕಣ್ಣಿರುವುದಿಲ್ಲ.

ಒಂದು ಆಕ್ಷೇಪ

ಯಂತ್ರದ ಹೆಸರು ಹಾಕಿದರೆ ಜನ ಪುಸ್ತಕವನ್ನು ಗೌರವಿಸುವುದಿಲ್ಲ, ದಾನಿಗಳು ಹಿಂದೆಗೆಯುತ್ತಾರೆ ಎಂಬ ಆಕ್ಷೇಪ ಬರಬಹುದು. ಇದು ತಳ್ಳಿಹಾಕುವಂಥದಲ್ಲ. ಎಷ್ಟೋ ದಿನ ದುಡಿದು ಯಂತ್ರದ ಕರಡನ್ನು ಸಾಲುಸಾಲಾಗಿ ತಿದ್ದಿದ ಶಿಕ್ಷಕಿಯ ಶ್ರಮವು ಒಂದು ಸಾಲಿನ ಪ್ರಕಟಣೆಯಿಂದ ಮರೆಯಾಗಿ ಹೋದರೆ ಅದೂ ಅನ್ಯಾಯವೇ. ಆದರೆ ಇದಕ್ಕೆ ಪರಿಹಾರ ಮೌನವಲ್ಲ, ಪೂರ್ಣವಾದ ಮಾತು. ಯಂತ್ರ ಬಳಸಿದೆ ಎಂದಷ್ಟೇ ಹೇಳಿದರೆ ಅರ್ಧಸತ್ಯವಾಗುತ್ತದೆ. ಅದು ಮಾಡಿದ್ದೇನು, ತಿದ್ದಿದವರು ಯಾರು, ಒಪ್ಪಿದವರು ಯಾರು ಎಂಬ ಮೂರನ್ನೂ ಹೇಳಿದರೆ ಶಿಕ್ಷಕಿಯ ಶ್ರಮಕ್ಕೆ ಸಲ್ಲಬೇಕಾದ ಗೌರವವೂ ಸಲ್ಲುತ್ತದೆ. ಅಷ್ಟಕ್ಕೂ, ಮುಂದೆ ಎಂದಾದರೊಂದು ದಿನ ತಪ್ಪಿನ ಮೂಲಕವೇ ನಿಜ ಹೊರಬಿದ್ದರೆ, ಅದೇ ಟ್ರಸ್ಟು ಪ್ರಕಟಿಸಿದ ಯಂತ್ರದ ಸೋಂಕಿಲ್ಲದ ಹಳೆಯ ಪುಸ್ತಕಗಳನ್ನೂ ಜನ ಸಂಶಯದಿಂದ ನೋಡತೊಡಗುತ್ತಾರೆ.

ಎಲ್ಲವನ್ನೂ ಹೇಳಬೇಕೇ ಎಂಬ ಪ್ರಶ್ನೆಗೂ ವಿವೇಕದ ಉತ್ತರವಿದೆ. ಅಕ್ಷರದೋಷ ತಿದ್ದಿಸಿಕೊಂಡದ್ದು, ಪುಟವಿನ್ಯಾಸ ಮಾಡಿಸಿದ್ದು ಹೇಳಬೇಕಾದ ಸಂಗತಿಗಳಲ್ಲ. ಪಾಠದ ವಾಕ್ಯ, ವಿಷಯ, ಉದಾಹರಣೆ, ಚಿತ್ರ ಅಥವಾ ಅನುವಾದ ಯಂತ್ರದಿಂದ ಬಂದಿದ್ದರೆ ಹೇಳಬೇಕು. ಓದುಗನು ಯಾರನ್ನು ನಂಬಿ ಓದುತ್ತಿದ್ದಾನೋ ಆ ನಂಬಿಕೆಗೆ ಸಂಬಂಧಿಸಿದ್ದೆಲ್ಲವೂ ಹೇಳಬೇಕಾದದ್ದೇ.

ಟ್ರಸ್ಟುಗಳು ಮಾಡಬಹುದಾದುದು

ಕಾರ್ಯತಃ ಮೂರು ಕ್ರಮಗಳು ಸಾಕು. ಮೊದಲನೆಯದಾಗಿ, ಯಂತ್ರದ ಕರಡಿನಲ್ಲಿರುವ ಪ್ರತಿಯೊಂದು ಸಂಖ್ಯೆ, ಹೆಸರು, ಕಾಲ, ಸಿದ್ಧಾಂತದ ಮಾತಿಗೂ ಮೂಲಗ್ರಂಥವನ್ನು ಹುಡುಕಬೇಕು. ಮೂಲ ಸಿಗದ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಬಿಡಬೇಕು. ಯಂತ್ರ ಹೇಳಲಾರದ ಗುರುವಿನ ಹೆಸರನ್ನು ಮನುಷ್ಯನು ಹುಡುಕಿ ಹೇಳುವುದು ಇದರ ತಾತ್ಪರ್ಯ. ಎರಡನೆಯದಾಗಿ, ಪುಸ್ತಕ ಯಾವ ಸಂಪ್ರದಾಯದ ಪಾಠವನ್ನು ಅನುಸರಿಸಿದೆಯೆಂಬುದನ್ನು ಸ್ಪಷ್ಟಪಡಿಸಿ, ಆ ಸಂಪ್ರದಾಯವನ್ನು ಬಲ್ಲ ಒಬ್ಬರಿಂದ ಅಕ್ಷರ, ಅರ್ಥ ಎರಡನ್ನೂ ನೋಡಿಸಬೇಕು. ಮೂರನೆಯದಾಗಿ, ಪುಸ್ತಕದ ಮೊದಲ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮರೆಸದೆ ಹೀಗೆ ಅಚ್ಚುಹಾಕಿಸಬೇಕು: ಇಂತಿಂಥ ಪಾಠಗಳ ಮೊದಲ ಕರಡು ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಸಿದ್ಧವಾದುದು, ಮೂಲಗ್ರಂಥಗಳೊಡನೆ ಹೋಲಿಸಿ ತಿದ್ದಿದವರು ಇಂಥವರು, ಪ್ರಕಟಣೆಗೆ ಒಪ್ಪಿದವರು ಟ್ರಸ್ಟಿನ ಆಡಳಿತ ಮಂಡಳಿಯವರು, ತಪ್ಪು ಕಂಡವರು ದಯವಿಟ್ಟು ತಿಳಿಸಬೇಕು, ಮುಂದಿನ ಮುದ್ರಣದಲ್ಲಿ ತಿದ್ದಿ, ತಿದ್ದಿದ್ದನ್ನೂ ಹೇಳಲಾಗುವುದು. ಕೃತ, ಕಾರಿತ, ಅನುಮತ ಮೂರೂ ಈ ನಾಲ್ಕು ಸಾಲುಗಳಲ್ಲಿ ಅಡಕವಾಗಿವೆ.

ಪುಷ್ಪದಂತ, ಭೂತಬಲಿ ಆಚಾರ್ಯರ ಗ್ರಂಥವು ಪೂರ್ಣಗೊಂಡ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುವ ರೂಢಿಯಿದೆ. ಅಂದು ಶಾಸ್ತ್ರಭಂಡಾರಗಳನ್ನು ತೆರೆದು, ಗ್ರಂಥಗಳ ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುತ್ತಾರೆ. ಮುಂದಿನ ಶ್ರುತಪಂಚಮಿಯ ಹೊತ್ತಿಗೆ ಪ್ರತಿಯೊಂದು ಬಸದಿಯ ಟ್ರಸ್ಟೂ ತಾನು ಪ್ರಕಟಿಸಿದ ಪಾಠಶಾಲೆಯ ಪುಸ್ತಕಗಳನ್ನು ಆ ಪೀಠದ ಮುಂದೆ ತಂದಿಟ್ಟು, ಇದರಲ್ಲಿ ಯಾರ ಕೈಯಿದೆಯೆಂಬುದು ಓದುವ ಮಗುವಿಗೆ ತಿಳಿಯುವಂತಿದೆಯೇ ಎಂದು ಒಮ್ಮೆ ನೋಡಿಕೊಂಡರೆ, ಅದು ಜಿನವಾಣಿಗೆ ಸಲ್ಲಿಸಿದ ನಿಜವಾದ ಅರ್ಘ್ಯವಾಗುತ್ತದೆ.